ಸ್ಟುಡಿಯೊದ ಕಪಾಟಿನಿಂದ ಬಂದ ಹೀಲಿಯೊಸ್, ಟಕುಮಾರ್: ನನ್ನ ಡಿಎಸ್‌ಎಲ್‌ಆರ್‌ನಲ್ಲಿ ದೂರದ್ದು ಯಾವುದೂ ಫೋಕಸ್ ಆಗುತ್ತಿಲ್ಲ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ನಮ್ಮ ಪೇಟೆಯ ಹಳೆಯ ಫೋಟೊ ಸ್ಟುಡಿಯೊ ಮುಚ್ಚಿ ಜೆರಾಕ್ಸ್ ಅಂಗಡಿ ಆಗುತ್ತಿದೆ. ಮಾಲೀಕರು ಕಪಾಟು ಖಾಲಿ ಮಾಡುವಾಗ ಎರಡು ಲೆನ್ಸ್‌ಗಳನ್ನು ನನಗೆ ಕೊಟ್ಟರು. ಒಂದು, ಜೆನಿಟ್ ಕ್ಯಾಮೆರಾದ ಮೇಲೇ ಕುಳಿತಿದ್ದ ಹೀಲಿಯೊಸ್ 44ಎಂ-4, 58 ಮಿ.ಮೀ., ಎಫ್/2. ಇನ್ನೊಂದು ಟಕುಮಾರ್ 50 ಮಿ.ಮೀ., ಎಫ್/1.4. ಎರಡೂ ಕ್ಯಾಮೆರಾಗೆ ತಿರುಪಿನಂತೆ ಸುತ್ತಿ ಕೂರಿಸುವ ಮೌಂಟಿನವು, ಎಂ42.

ನನ್ನಲ್ಲಿರುವುದು ಆರಂಭಿಕ ಮಟ್ಟದ ನಿಕಾನ್ ಡಿಎಸ್‌ಎಲ್‌ಆರ್. ಅಗ್ಗದ ಅಡಾಪ್ಟರ್ ತರಿಸಿ ಹಾಕಿದೆ. ಕೈಗೆಟುಕುವಷ್ಟು ದೂರದ ಹೂವು, ಮುಖ ಎಲ್ಲ ಚೆನ್ನಾಗಿ ಬರುತ್ತದೆ. ಅಂಗಳದ ಆಚೆಯ ಹಲಸಿನ ಮರ ಮಾತ್ರ ರಿಂಗನ್ನು ಕೊನೆಯವರೆಗೆ ತಿರುಗಿಸಿದರೂ ಮಸುಕು. ಹೀಲಿಯೊಸ್‌ನ ಅಪರ್ಚರ್ (ಬೆಳಕು ಒಳಬಿಡುವ ರಂಧ್ರ) ರಿಂಗ್ ಟಕಟಕ ಎಂದು ತಿರುಗುತ್ತದೆ, ಒಳಗಿನ ಎಲೆಗಳು ಅಲ್ಲಾಡುವುದಿಲ್ಲ. ಟಕುಮಾರ್‌ನ ಗಾಜು ಚಹಾ ಸೋಸಿದಂತೆ ಹಳದಿಯಾಗಿದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎರಡರಲ್ಲೂ ಕೆಲಸ ಮಾಡುವುದಿಲ್ಲ.

ಲೆನ್ಸ್ ಕೆಟ್ಟಿದೆಯೇ, ಅಡಾಪ್ಟರ್ ಕೆಟ್ಟದ್ದೇ? ಅಥವಾ ನನ್ನ ಭಾವ ಹೇಳುವಂತೆ ಎರಡನ್ನೂ ಶೋಕೇಸಿಗೆ ಹಾಕಿ ಹೊಸ 50 ಎಫ್/1.8 ಕೊಳ್ಳುವುದೇ ಸರಿಯೇ?

ಮಿಲಿಮೀಟರ್
ಲೆನ್ಸೂ ಕೆಟ್ಟಿಲ್ಲ, ಅಡಾಪ್ಟರೂ ಕೆಟ್ಟಿಲ್ಲ. ಎಂ42 ಲೆನ್ಸ್ ತನ್ನ ಮೌಂಟಿನಿಂದ ಫಿಲ್ಮ್ 45.46 ಮಿ.ಮೀ. ದೂರದಲ್ಲಿದೆ ಎಂದು ನಂಬಿ ತಯಾರಾದದ್ದು. ನಿಕಾನ್ ಎಫ್ ಮೌಂಟಿನಿಂದ ಸೆನ್ಸರ್‌ಗೆ 46.5 ಮಿ.ಮೀ. ಅಡಾಪ್ಟರ್ ಹಾಕುವ ಮೊದಲೇ ಒಂದು ಮಿ.ಮೀ. ಹೆಚ್ಚಾಯಿತು. ಅಡಾಪ್ಟರಿನ ಅಂಚು ಇನ್ನೊಂದು ಮಿ.ಮೀ. ದಪ್ಪವಿದ್ದರೆ ಒಟ್ಟು 2.04.

ಈಗ ಲೆಕ್ಕ ಹಾಕಿ. ಹೀಲಿಯೊಸ್‌ನ ಫೋಕಲ್ ದೂರ 58, ಅದರ ವರ್ಗ 3364. ಅದನ್ನು 2.04ರಿಂದ ಭಾಗಿಸಿ 58 ಕೂಡಿಸಿದರೆ ಸುಮಾರು 1700 ಮಿ.ಮೀ. ಅಂದರೆ ಹೀಲಿಯೊಸ್ 1.7 ಮೀಟರ್‌ಗಿಂತ ಆಚೆ ನೋಡಲಾರದು. ಟಕುಮಾರ್ 50 ಮಿ.ಮೀ. ಆದ್ದರಿಂದ ಅದರ ಮಿತಿ ಇನ್ನೂ ಹತ್ತಿರ, ಸುಮಾರು 1.3 ಮೀಟರ್. ನಿಮ್ಮ ಹಲಸಿನ ಮರ ಅಂಗಳ ದಾಟಿ ಬಂದರೆ ಮಾತ್ರ ಸ್ಪಷ್ಟವಾಗುತ್ತದೆ.

ಒಳಗೆ ಗಾಜಿರುವ ಅಡಾಪ್ಟರ್ ಸಿಗುತ್ತದೆ, ಅದು ದೂರದ ಫೋಕಸ್ ಕೊಡುತ್ತದೆ. ಆದರೆ ಒಳ್ಳೆಯ ಲೆನ್ಸಿನ ಹಿಂದೆ ಅಗ್ಗದ ಗಾಜು ಇಟ್ಟಂತೆ. ಎಫ್/2ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದರೆ, ಎಲ್ಲದರ ಮೇಲೂ ಮಬ್ಬು ಕೂರುತ್ತದೆ. ಕೊಳ್ಳಬೇಡಿ.

ಸುಮ್ಮನೆಓದುಗ
ನನ್ನ 135 ಮಿ.ಮೀ. ಇದೇ ಬಗೆಯ ಅಡಾಪ್ಟರಿನಲ್ಲಿ ಎಂಟೊಂಬತ್ತು ಮೀಟರ್‌ವರೆಗೆ ಏಕೆ ಸರಿಯಾಗಿತ್ತು ಎಂಬುದು ಇಂದು ತಿಳಿಯಿತು.

ಮಿಲಿಮೀಟರ್
ಹೌದು, 135ರ ವರ್ಗ ದೊಡ್ಡದು. ಅದೇ ಸೂತ್ರದಲ್ಲಿ ಒಂಬತ್ತು ಮೀಟರ್ ಬರುತ್ತದೆ. ಭಾವಚಿತ್ರಕ್ಕೆ ಧಾರಾಳ. ವೈಡ್ ಲೆನ್ಸ್ ಹಾಕಿದರೆ ಮಾತ್ರ ಮೂಗಿನ ತುದಿಯೂ ದೂರವೇ.

ತುಂಗಾತೀರ ಅವರ ಎರಡನೆಯ ಪ್ರಶ್ನೆ ಬಿಟ್ಟುಹೋಯಿತು. 44ಎಂ-4ರ ಹಿಂಭಾಗದಲ್ಲಿ, ತಿರುಪಿನ ಒಳಗಡೆ, ಒಂದು ಸಣ್ಣ ಪಿನ್ ಇದೆ ನೋಡಿ. ರಿಂಗನ್ನು 16ಕ್ಕೆ ಇಟ್ಟು ಪಿನ್ನನ್ನು ಬೆರಳಿನಿಂದ ಒತ್ತಿ. ಎಲೆಗಳು ಮುಚ್ಚಿಕೊಂಡರೆ ಲೆನ್ಸ್ ಆರೋಗ್ಯವಾಗಿದೆ. ಹಿಂದೆ ಕ್ಯಾಮೆರಾವೇ ಫೋಟೊ ತೆಗೆಯುವ ಕ್ಷಣದಲ್ಲಿ ಅದನ್ನು ಒತ್ತುತ್ತಿತ್ತು, ಅಲ್ಲಿಯವರೆಗೆ ನೋಡಲು ಪೂರ್ತಿ ಬೆಳಕು ಸಿಗಲಿ ಎಂದು. ಈಗ ಒತ್ತುವವರು ಯಾರೂ ಇಲ್ಲ. ಒಳಗಡೆ ಸಣ್ಣ ಮೆಟ್ಟಿಲಿನಂಥ ಅಂಚು ಇರುವ ಅಡಾಪ್ಟರ್ ಕೊಂಡರೆ ಲೆನ್ಸನ್ನು ತಿರುಗಿಸಿ ಬಿಗಿಮಾಡುವಾಗಲೇ ಪಿನ್ ಒತ್ತಿಕೊಂಡು ಹಾಗೆಯೇ ಉಳಿಯುತ್ತದೆ.

ತುಂಗಾತೀರ
ಒತ್ತಿದೆ, ಆರು ಎಲೆಗಳೂ ಪಟ್ಟನೆ ಮುಚ್ಚಿಕೊಂಡವು! ಬಿಟ್ಟ ತಕ್ಷಣ ತೆರೆದುಕೊಂಡವು. ಎಣ್ಣೆಯ ಕಲೆಯೂ ಕಾಣುತ್ತಿಲ್ಲ.

ಮದುವೆಮನೆ
ಇಪ್ಪತ್ತು ವರ್ಷದಿಂದ ಮದುವೆ, ಗೃಹಪ್ರವೇಶ ತೆಗೆಯುತ್ತಾ ಹೊಟ್ಟೆ ಹೊರೆಯುತ್ತಿರುವವನು ನಾನು. ನಿಮ್ಮ ಭಾವ ಹೇಳಿದ್ದೇ ಸರಿ. ತಾಳಿ ಕಟ್ಟುವ ಹೊತ್ತಿನಲ್ಲಿ ರಿಂಗ್ ತಿರುಗಿಸುತ್ತಾ ಕೂತರೆ ವರನ ಸೋದರಮಾವ ನಮ್ಮ ಕೈ ತಿರುಗಿಸುತ್ತಾರೆ. ಹೊಸ 50 ಎಫ್/1.8 ಎಫ್/2ರಲ್ಲಿಯೂ ಮೂಲೆಯಿಂದ ಮೂಲೆಗೆ ಚೊಕ್ಕಟ. ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಹಳೆಯ ಲೆನ್ಸಿನ ದೋಷಗಳಿಗೆಲ್ಲ ‘ವ್ಯಕ್ತಿತ್ವ’ ಎಂದು ಹೆಸರಿಟ್ಟು ಮಾರುತ್ತಿದ್ದಾರೆ, ಅಷ್ಟೇ.

ಅಡಿಕೆತೋಟ
ಮದುವೆಮನೆ ಅವರೇ, ಇಲ್ಲಿ ಯಾರೂ ತಾಳಿ ಕಟ್ಟುತ್ತಿಲ್ಲ. ತುಂಗಾತೀರ ಅವರು ಹೂವು, ಮುಖ ಎನ್ನುತ್ತಿದ್ದಾರೆ. ತೋಟದ ನೆರಳಿನಲ್ಲಿ ಹೀಲಿಯೊಸ್ ಕೊಡುವ, ಸುಳಿಯಂತೆ ಸುತ್ತುವ ಹಿನ್ನೆಲೆಯನ್ನು ನಿಮ್ಮ ಹೊಸ ಲೆನ್ಸ್ ಕೊಡುತ್ತದೆಯೇ, ಹೇಳಿ ನೋಡೋಣ.

ಮದುವೆಮನೆ
ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಹಿನ್ನೆಲೆಯಲ್ಲಿ ಎಲೆಗಳು ಗಿರಗಿರ ಸುತ್ತುತ್ತಿದ್ದರೆ ಮದುಮಗಳನ್ನು ಯಾರು ನೋಡುತ್ತಾರೆ?

ಕತ್ತಲೆಕೋಣೆ
ಮೇಲಿನ ಇಬ್ಬರಿಗೂ ಹಿರಿಯನ ಎರಡು ಮಾತು. ನಾನು ಫಿಲ್ಮ್ ತೊಳೆದು ಮುದ್ರಿಸುತ್ತಿದ್ದ ಕಾಲದವನು. ಈಗಿನ ಹುಡುಗರು ಕೈಯಾರೆ ಫೋಕಸ್ ಮಾಡುವುದನ್ನು ಧ್ಯಾನ, ತಾಳ್ಮೆ, ಆತ್ಮಸಂತೋಷ ಎಂದೆಲ್ಲ ಬರೆಯುವುದನ್ನು ಓದಿದರೆ ನಗು ಬರುತ್ತದೆ. ನಮಗೆ ಅದು ಕೆಲಸವಾಗಿತ್ತು. 36 ಚಿತ್ರದ ರೋಲಿನಲ್ಲಿ ಹತ್ತು ಮಸುಕಾದರೆ ಗಿರಾಕಿ ಹಣ ಹಿಡಿಯುತ್ತಿದ್ದ. 1985ರಲ್ಲಿ ಮಿನೋಲ್ಟಾ 7000 ಬಂದು ಕ್ಯಾಮೆರಾವೇ ಫೋಕಸ್ ಮಾಡುತ್ತದೆ ಎಂಬ ಸುದ್ದಿ ಕೇಳಿದಾಗ ನಮಗೆಲ್ಲ ಹಬ್ಬ. ಕೊಳ್ಳಲು ಹಣ ಇರಲಿಲ್ಲ, ಆ ಮಾತು ಬೇರೆ.

ಆದರೆ ಒಂದು ವ್ಯತ್ಯಾಸ ಗಮನಿಸಿ. ನಮ್ಮ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯ ನಡುವೆ ಎರಡು ಹೋಳಾಗಿ ಕಾಣುವ ವೃತ್ತ ಇರುತ್ತಿತ್ತು. ಕಂಬವೊಂದು ಮುರಿದಂತೆ ಕಂಡರೆ ಫೋಕಸ್ ತಪ್ಪಿದೆ, ಕೂಡಿಕೊಂಡರೆ ಸರಿ. ಈಗಿನ ಅಗ್ಗದ ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಅದೂ ಇಲ್ಲ, ಕಿಂಡಿಯೂ ಪುಟ್ಟದು. ತುಂಗಾತೀರ ಅವರು ಕಿಂಡಿಯಲ್ಲಿ ನೋಡಿ ಎಫ್/1.4ರಲ್ಲಿ ಫೋಕಸ್ ಮಾಡಲು ಹೊರಟಿದ್ದರೆ ಅದು ಸಾಹಸವೇ. ಹಿಂದಿನ ಪರದೆಯಲ್ಲಿ ಹಿಗ್ಗಿಸಿ ನೋಡಿ ಮಾಡಿ.

ಎಫ್‌ಮೌಂಟ್
ನಿಕಾನ್ ಇದ್ದಾಗ ಎಂ42 ಗೋಜಿಗೆ ಹೋಗುವುದೇಕೆ? ನಿಕಾನಿನ ಎಫ್ ಮೌಂಟ್ 1959ರಿಂದ ಬಂದದ್ದು. ಹಳೆಯ ನಿಕ್ಕೋರ್ 50, 105 ಎಫ್/2.5 ಇವನ್ನು ಅಡಾಪ್ಟರ್ ಇಲ್ಲದೆ ನೇರ ಹಾಕಬಹುದು, ದೂರದ ಬೆಟ್ಟವೂ ಸಿಗುತ್ತದೆ. 105 ಎಫ್/2.5 ಭಾವಚಿತ್ರಕ್ಕೆ ಹೇಳಿ ಮಾಡಿಸಿದ ಲೆನ್ಸ್. ಆದರೆ 1977ಕ್ಕಿಂತ ಹಿಂದಿನ, ಎಐ (ಲೆನ್ಸಿನ ಅಪರ್ಚರನ್ನು ಕ್ಯಾಮೆರಾಗೆ ತಿಳಿಸುವ ನಿಕಾನಿನ ಏರ್ಪಾಡು) ಅಲ್ಲದ ಲೆನ್ಸನ್ನು ಡಿಜಿಟಲ್ ನಿಕಾನಿಗೆ ಹಾಕಲೇಬೇಡಿ. ಮೌಂಟಿನ ಪಕ್ಕದ ನಾಲಿಗೆ ಮುರಿಯುತ್ತದೆ.

ಮಿಲಿಮೀಟರ್
ಅರ್ಧ ಸರಿ. ಆ ನಾಲಿಗೆ ಇರುವ ಕ್ಯಾಮೆರಾಗಳಲ್ಲಿ ಮುರಿಯುತ್ತದೆ. ತುಂಗಾತೀರ ಅವರದು ಆರಂಭಿಕ ಮಟ್ಟದ್ದು, ಡಿ3000, ಡಿ5000 ಸಾಲಿನದಾಗಿದ್ದರೆ ನಾಲಿಗೆಯೇ ಇಲ್ಲ. 1960ರ ದಶಕದ ನಿಕ್ಕೋರ್ ಕೂಡ ಸಲೀಸಾಗಿ ಕೂರುತ್ತದೆ. ಮೀಟರ್ ಮಾತ್ರ ಕೆಲಸ ಮಾಡುವುದಿಲ್ಲ, ಮ್ಯಾನುಯಲ್ ಮೋಡ್‌ನಲ್ಲಿಟ್ಟು ಒಂದು ಫೋಟೊ ತೆಗೆದು ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿ ತಿದ್ದಿಕೊಳ್ಳಬೇಕು.

ಎಫ್‌ಮೌಂಟ್
ಮೀಟರ್ ಬೇಕಿದ್ದರೆ ಡಿ7000 ಸಾಲಿಗೆ ಹೋಗಲಿ. ಅಲ್ಲಿ ಲೆನ್ಸಿನ ವಿವರ ತುಂಬಿಸಿದರೆ ಹಳೆಯ ಎಐ ಲೆನ್ಸಿಗೂ ಮೀಟರ್ ಓಡುತ್ತದೆ.

ಮಿಲಿಮೀಟರ್
ಡಿ7000, 7100, 7200 ಸರಿ. ಡಿ7500ರಲ್ಲಿ ಆ ನಾಲಿಗೆಯನ್ನು ತೆಗೆದುಹಾಕಿದ್ದಾರೆ. ಹೊಸದು ಎಂದು ಅದನ್ನೇ ಕೊಂಡವರು ಪರಿತಪಿಸುತ್ತಿದ್ದಾರೆ.

ಎಫ್‌ಮೌಂಟ್
ನಿಮ್ಮೊಡನೆ ಮಾತಾಡುವ ಮೊದಲು ಕೈಪಿಡಿ ಓದಿಕೊಂಡು ಬರಬೇಕು ಮಾರಾಯರೇ.

ಪಾಠದಕೋಣೆ
ಟಕುಮಾರ್ ಬಗ್ಗೆ ಯಾರೂ ಉತ್ತರಿಸಿಲ್ಲ, ನಾನು ಭೌತಶಾಸ್ತ್ರ ಮೇಷ್ಟ್ರು, ನನ್ನ ಪಾಲಿಗೆ ಬಿಟ್ಟಿದ್ದೀರಿ ಎಂದುಕೊಳ್ಳುತ್ತೇನೆ.

ಹಳದಿಗೆ ಕಾರಣ ಕೊಳೆಯಲ್ಲ, ಒರೆಸಿದರೆ ಹೋಗುವುದಿಲ್ಲ. ಗಾಜಿನಲ್ಲಿ ಥೋರಿಯಂ ಆಕ್ಸೈಡ್ ಬೆರೆಸಿದ್ದಾರೆ. ಅದರಿಂದ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಆದರೆ ಬಣ್ಣಗಳನ್ನು ಹೆಚ್ಚು ಚದುರಿಸುವುದಿಲ್ಲ. ಲೆನ್ಸ್ ವಿನ್ಯಾಸಕರಿಗೆ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಥೋರಿಯಂ ಹೊಮ್ಮಿಸುವ ವಿಕಿರಣ ದಶಕಗಟ್ಟಲೆ ಗಾಜಿನ ಒಳರಚನೆಯನ್ನೇ ಕೆಡಿಸಿ ಬಣ್ಣ ಹಿಡಿಸುತ್ತದೆ. 50 ಎಫ್/1.4ರ ಮೊದಲ, ಎಂಟು ಗಾಜಿನ ಆವೃತ್ತಿಯಲ್ಲಿ ಥೋರಿಯಂ ಇಲ್ಲ. ಆಮೇಲೆ ಬಂದ ಏಳು ಗಾಜಿನದರಲ್ಲಿ ಇದೆ. ನಿಮ್ಮದು ಎರಡನೆಯದು.

ಮದ್ದು ಸುಲಭ. ಅತಿನೇರಳೆ ಬೆಳಕು ಆ ಬಣ್ಣವನ್ನು ಕಳೆಯುತ್ತದೆ. ಬಿಸಿಲಿನಲ್ಲಿ ಕೆಲವು ವಾರ ಇಟ್ಟರೂ ಆಗುತ್ತದೆ, ಅತಿನೇರಳೆ ಎಲ್‌ಇಡಿ ದೀಪದಡಿ ಇಟ್ಟರೆ ಇನ್ನೂ ಬೇಗ. ಬಿಸಿಲಿನಲ್ಲಿ ಇಡುವುದಾದರೆ ಒಂದು ಬದಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಎರಡೂ ಕಡೆ ತೆರೆದಿಟ್ಟರೆ ಎಫ್/1.4 ಲೆನ್ಸ್ ಭೂತಗನ್ನಡಿಯ ಕೆಲಸ ಮಾಡಿ ಕಿಟಕಿಯ ಪರದೆಗೆ ಬೆಂಕಿ ಹಚ್ಚೀತು.

ತುಂಗಾತೀರ
ಸರ್, ವಿಕಿರಣ ಎಂದಿರಿ. ಮನೆಯಲ್ಲಿ ಚಿಕ್ಕ ಮಗುವಿದೆ. ಇಟ್ಟುಕೊಳ್ಳಬಹುದೇ?

ಪಾಠದಕೋಣೆ
ಖಂಡಿತ. ಹೊಮ್ಮುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೇ ತಡೆಯುತ್ತದೆ, ಕ್ಯಾಮೆರಾದ ಲೋಹದ ಮಾತು ಹೇಳಬೇಕಾಗಿಲ್ಲ. ಉಳಿದ ಗಾಮಾ ಅಲ್ಪ. ಕಪಾಟಿನಲ್ಲಿ ಇರಲಿ, ಫೋಟೊ ತೆಗೆಯಿರಿ. ದಿಂಬಿನಡಿ ಇಟ್ಟುಕೊಂಡು ಮಲಗಬೇಡಿ, ಗಾಜು ಒಡೆದರೆ ಪುಡಿಯನ್ನು ಕೈಯಿಂದ ಬಳಿಯಬೇಡಿ, ಉಜ್ಜಿ ಹೊಳಪು ಕೊಡಲು ಹೋಗಬೇಡಿ. ಮಗುವಿನ ಬಾಯಿಗೆ ಯಾವ ಲೆನ್ಸೂ ಹೋಗಬಾರದು, ಅದಕ್ಕೆ ಥೋರಿಯಂ ಬೇಕಿಲ್ಲ.

ಅಘನಾಶಿನಿ
ತೀರ್ಥಹಳ್ಳಿಯಲ್ಲಿ ಜುಲೈ ತಿಂಗಳಲ್ಲಿ ‘ಬಿಸಿಲಿನಲ್ಲಿ ಕೆಲವು ವಾರ ಇಡಿ’ ಎಂದು ಹೇಳಿದ ಮೇಷ್ಟ್ರಿಗೆ ದೊಡ್ಡ ನಮಸ್ಕಾರ. 😄

ಪಾಠದಕೋಣೆ
ನಾನು ಬಳ್ಳಾರಿಯವನಮ್ಮ, ಕ್ಷಮಿಸಿ. ದೀಪ ಕೊಳ್ಳಿ.

ಅಘನಾಶಿನಿ
ತಮಾಷೆ ಬಿಟ್ಟು ಹೇಳುತ್ತೇನೆ. ತುಂಗಾತೀರ, ಹಳದಿಗಿಂತ ಮೊದಲು ಬೂಷ್ಟು ನೋಡಿಕೊಳ್ಳಿ. ನಾನು ಶಿರಸಿ ಘಟ್ಟದ ಕೆಳಗಿನವಳು, ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಜೇಡದ ಬಲೆಯಂತೆ ಕವಲೊಡೆದ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು. ಇಡೀ ಗಾಜು ಉಸಿರು ಊದಿದಂತೆ ಮಬ್ಬಾಗಿದ್ದರೆ ಅದು ಎಣ್ಣೆಯ ಆವಿ ಕೂತದ್ದು. ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣದ ಕಲೆ ಹಬ್ಬುತ್ತಿದ್ದರೆ ಅಂಟಿಸಿದ್ದ ಎರಡು ಗಾಜುಗಳು ಬಿಟ್ಟುಕೊಳ್ಳುತ್ತಿವೆ. ಮೊದಲ ಎರಡಕ್ಕೆ ರಿಪೇರಿ ಇದೆ. ಮೂರನೆಯದಕ್ಕೆ ಹಣ ಹಾಕುವುದು ವ್ಯರ್ಥ.

ಜೊತೆಗೆ ಬಂದಿರುವ ಚರ್ಮದ ಚೀಲವನ್ನು ಇಂದೇ ಆಚೆ ಇಡಿ. ಎಷ್ಟು ಚೆಂದ ಇದ್ದರೂ ಸರಿ. ಚರ್ಮ ತೇವ ಹೀರುತ್ತದೆ, ಬೂಷ್ಟಿಗೆ ಊಟವೂ ಅದೇ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. ತೀರಾ ಒಣಗಿಸಿದರೆ ಒಳಗಿನ ಗ್ರೀಸ್ ಹಾಳು.

ಭಾನುವಾರದಸಂತೆ
ಸಿಲಿಕಾ ಜೆಲ್ ಇಲ್ಲದಿದ್ದರೆ ಅಕ್ಕಿ ಹಾಕಿದರೂ ನಡೆಯುತ್ತದೆ ಎಂದು ಕೇಳಿದ್ದೇನೆ.

ಅಘನಾಶಿನಿ
ಅಕ್ಕಿಯನ್ನು ಅನ್ನಕ್ಕೆ ಇಟ್ಟುಕೊಳ್ಳಿ ಅಣ್ಣ. ಲೆನ್ಸಿಗೆ ಅದರ ಹುಡಿ ಹೋಗುತ್ತದೆ, ಹುಳವೂ ಹೋಗುತ್ತದೆ.

ಮದುವೆಮನೆ
ಬೂಷ್ಟು ಬಂದ ಲೆನ್ಸನ್ನು ಬೇರೆ ಲೆನ್ಸಿನ ಪಕ್ಕ ಇಡಬಾರದು, ಹರಡುತ್ತದೆ. ನಾನು ಅಂಥದ್ದನ್ನು ಮನೆಯೊಳಗೇ ಸೇರಿಸುವುದಿಲ್ಲ.

ಅಘನಾಶಿನಿ
ಅದರ ಬೀಜಾಣುಗಳು ಗಾಳಿಯಲ್ಲೇ ಇವೆ, ನೀವು ಬಾಗಿಲು ಹಾಕಿದರೂ ಒಳಗಿವೆ. ಅವು ಬೆಳೆಯುವುದು ತೇವ ಸಿಕ್ಕರೆ. ಒಣ ಡಬ್ಬಿಯಲ್ಲಿ ಪಕ್ಕಪಕ್ಕ ಇಟ್ಟರೆ ಏನೂ ಆಗುವುದಿಲ್ಲ, ತೇವದ ಕಪಾಟಿನಲ್ಲಿ ಒಂಟಿಯಾಗಿ ಇಟ್ಟ ಹೊಸ ಲೆನ್ಸಿಗೂ ಬರುತ್ತದೆ.

ಮದುವೆಮನೆ
ನಿಮ್ಮ ವಿಜ್ಞಾನ ನಿಮಗಿರಲಿ. ನನ್ನ ಲೆನ್ಸುಗಳ ಬೆಲೆ ನನಗೆ ಗೊತ್ತು.

ಕತ್ತಲೆಕೋಣೆ
ಇಬ್ಬರೂ ಸಮಾಧಾನ. ಬೂಷ್ಟು ತೆಗೆದ ಮೇಲೂ ಗುರುತು ಉಳಿಯುವುದುಂಟು, ಅದು ಗಾಜಿನ ಮೇಲಿನ ಲೇಪನವನ್ನೇ ತಿಂದಿರುತ್ತದೆ. ಅಂಚಿನಲ್ಲಿ ಎರಡು ಎಳೆ ಇದ್ದರೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಹಿಂದಿನ ಗಾಜಿನ ನಡುಮಧ್ಯೆ ಇದ್ದರೆ ಮಾತ್ರ ಚಿಂತೆ. ಮುಂದಿನ ಗಾಜಿನ ಗೀರು ನೋಡಿ ಗಾಬರಿಯಾಗುವವರು ಹಿಂದಿನ ಗಾಜನ್ನು ನೋಡುವುದೇ ಇಲ್ಲ.

ಲೈಪ್‌ಜಿಗ್‌ಕನ್ನಡಿಗ
ತಡವಾಗಿ ಬಂದೆ. ಕೆಲಸದ ಮೇಲೆ ಲೈಪ್‌ಜಿಗ್‌ನಲ್ಲಿದ್ದೇನೆ, ಈ ಲೆನ್ಸುಗಳ ತವರಿನ ಹತ್ತಿರ. ಅಡಿಕೆತೋಟ ಅವರು ಮೆಚ್ಚಿದ ಆ ಸುಳಿಯ ಹಿನ್ನೆಲೆ ಸೋವಿಯತ್ ಆವಿಷ್ಕಾರ ಅಲ್ಲ. ಯೇನಾ ಊರಿನ ಕಾರ್ಲ್ ಜೈಸ್ ಕಾರ್ಖಾನೆಯ ಬಯೋಟಾರ್ 58 ಎಫ್/2 ಎಂಬ ಲೆನ್ಸಿನದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟ ಯುದ್ಧ ಪರಿಹಾರದ ಲೆಕ್ಕದಲ್ಲಿ ಯೇನಾದಿಂದ ಯಂತ್ರಗಳನ್ನೂ ತಂತ್ರಜ್ಞರನ್ನೂ ಸಾಗಿಸಿತು. ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಬಯೋಟಾರ್‌ನ ವಿನ್ಯಾಸವೇ ಹೀಲಿಯೊಸ್-44 ಆಯಿತು. ಆಮೇಲೆ ವಾಲ್ದಾಯ್, ಮಿನ್ಸ್ಕ್ ಕಾರ್ಖಾನೆಗಳಲ್ಲಿಯೂ ತಯಾರಾಯಿತು. ಜೈಸ್‌ನ ಸೊನ್ನಾರ್ ವಿನ್ಯಾಸಗಳು ಅದೇ ದಾರಿಯಲ್ಲಿ ‘ಜೂಪಿಟರ್’ ಎಂಬ ಹೆಸರು ಪಡೆದವು.

ಸಾಕಷ್ಟು ಹೀಲಿಯೊಸ್‌ಗಳಲ್ಲಿ ಕ್ರಮಸಂಖ್ಯೆಯ ಮೊದಲ ಎರಡು ಅಂಕಿ ತಯಾರಾದ ವರ್ಷ. 84 ಎಂದು ಶುರುವಾದರೆ 1984. ನಿಮ್ಮದನ್ನು ನೋಡಿ ಹೇಳಿ.

ತುಂಗಾತೀರ
86. ಸ್ಟುಡಿಯೊ ಮಾಲೀಕರು ‘ರಷ್ಯಾ ಕ್ಯಾಮೆರಾ, ಆ ಕಾಲದಲ್ಲಿ ನಮ್ಮ ಕೈಗೆಟುಕುತ್ತಿದ್ದದ್ದು ಅದೊಂದೇ’ ಎಂದಿದ್ದರು.

ಕತ್ತಲೆಕೋಣೆ
ಸತ್ಯದ ಮಾತು. ಜಪಾನಿನ ಕ್ಯಾಮೆರಾ ಬೇಕಿದ್ದರೆ ದುಬೈಯಲ್ಲಿ ನೆಂಟರಿರಬೇಕಿತ್ತು. ಜೆನಿಟ್ ಕಬ್ಬಿಣದ ತುಂಡು, ಶಟರ್ ಹೊಡೆದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಆದರೆ ಕೆಲಸ ಮಾಡುತ್ತಿತ್ತು.

ಭಾನುವಾರದಸಂತೆ
ಬೆಂಗಳೂರಿನ ಮಾರುಕಟ್ಟೆ ಕಡೆಯ ಭಾನುವಾರದ ಬಜಾರಿನಲ್ಲಿ ಹೀಲಿಯೊಸ್ ಈಗಲೂ ಕಾಣಿಸುತ್ತದೆ. ಆದರೆ ಮಾರುವವನ ಕೈಯಲ್ಲಿಯೂ ಸ್ಮಾರ್ಟ್‌ಫೋನ್ ಇದೆ, ಜಾಲತಾಣದಲ್ಲಿ ಇಂದಿನ ಬೆಲೆ ನೋಡಿಯೇ ಹೇಳುತ್ತಾನೆ. ರಾಶಿಯಲ್ಲಿ ಮುತ್ತು ಸಿಗುವ ಕಾಲ ಮುಗಿಯಿತು. ಲೈಪ್‌ಜಿಗ್ ಅವರೇ, ಅಲ್ಲಿ ಅಗ್ಗವೇ?

ಲೈಪ್‌ಜಿಗ್‌ಕನ್ನಡಿಗ
ಇಲ್ಲಿಯೂ ಹೆಸರುವಾಸಿಯಾದದ್ದೆಲ್ಲ ದುಬಾರಿ. ಗ್ಯೋರ್ಲಿಟ್ಸ್ ಊರಿನ ಮೈಯರ್ ಕಂಪನಿಯ ಟ್ರಯೋಪ್ಲಾನ್ 100 ಎಫ್/2.8 ಮೂರೇ ಗಾಜಿನ ಸಾಧಾರಣ ಲೆನ್ಸ್. ಹಿನ್ನೆಲೆಯ ಬೆಳಕಿನ ಚುಕ್ಕೆಗಳು ಸೋಪಿನ ಗುಳ್ಳೆಗಳಂತೆ ಬರುತ್ತವೆ ಎಂದು ಜಾಲತಾಣದಲ್ಲಿ ಹರಡಿದ ಮೇಲೆ ಅದರ ಬೆಲೆ ಗಗನಕ್ಕೇರಿತು. ಜನ ಈಗ ಹಳೆಯ ಸ್ಲೈಡ್ ಪ್ರೊಜೆಕ್ಟರಿನ ಮೂರು ಗಾಜಿನ ಲೆನ್ಸ್ ಬಿಚ್ಚಿ ಅದೇ ಗುಳ್ಳೆ ತೆಗೆಯುತ್ತಿದ್ದಾರೆ. ಹೆಸರಿಲ್ಲದವು ಮಾತ್ರ ಅಗ್ಗ: ಪೆಂಟಕಾನ್ 50 ಎಫ್/1.8, ಟೆಸ್ಸಾರ್ 50 ಎಫ್/2.8. ಟೆಸ್ಸಾರ್ ವಿನ್ಯಾಸ 1902ರದು, ನಾಲ್ಕೇ ಗಾಜು, ಎಫ್/5.6ಕ್ಕೆ ಇಳಿಸಿದರೆ ಇಂದಿಗೂ ನಾಚುವಂಥದ್ದೇನೂ ಇಲ್ಲ.

ಅಡಿಕೆತೋಟ
ಸುಳಿ ಬರುವುದಿಲ್ಲ ಎಂದು ಗೊಣಗುವವರಿಗೆ ಒಂದು ಮಾತು. ಹೀಲಿಯೊಸ್ ಹಾಕಿದ ಮಾತ್ರಕ್ಕೆ ಸುಳಿ ಬರುವುದಿಲ್ಲ. ಅಪರ್ಚರ್ ಎಫ್/2ರಲ್ಲೇ ಇರಬೇಕು. ವ್ಯಕ್ತಿ ಒಂದೂವರೆ, ಎರಡು ಮೀಟರ್ ದೂರ. ಅವರ ಹಿಂದೆ ಐದಾರು ಮೀಟರ್ ಬಿಟ್ಟು ಎಲೆಗಳ ನಡುವೆ ತೂರಿ ಬರುವ ಚುಕ್ಕೆಚುಕ್ಕೆ ಬೆಳಕು. ಬೋಳು ಗೋಡೆಯ ಮುಂದೆ ನಿಲ್ಲಿಸಿದರೆ ಸುತ್ತಲು ಅಲ್ಲಿ ಏನಿದೆ? ಕಾಫಿ ತೋಟದಲ್ಲಿ ಸಿಲ್ವರ್ ಓಕ್ ನೆರಳಿರುವ ಜಾಗ, ಬೆಳಿಗ್ಗೆ ಒಂಬತ್ತರ ಸುಮಾರು, ಇದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಇನ್ನೊಂದು, ಸುಳಿ ಇರುವುದು ಚಿತ್ರದ ಅಂಚುಗಳಲ್ಲಿ. ಸಣ್ಣ ಸೆನ್ಸರ್ ಅಂಚನ್ನೇ ಕತ್ತರಿಸಿಬಿಡುತ್ತದೆ. 58 ಮಿ.ಮೀ. ಅಲ್ಲಿ 87ರಂತೆ ಕಾಣುತ್ತದೆ, ಸುಳಿ ಅರ್ಧ ಮಾಯ.

ಬಡಗುತಿಟ್ಟು
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಸಹಿಸಿ. ನಾನು ರಾತ್ರಿಯ ಯಕ್ಷಗಾನ ತೆಗೆಯುವುದು 135 ಮಿ.ಮೀ. ಎಫ್/3.5 ಹಳೆಯ ಸೊನ್ನಾರ್‌ನಿಂದ, ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದ ಮೇಲೆ. ಎಲ್ಲರೂ ಕೇಳುತ್ತಾರೆ, ಧೀಂಗಿಣ ಹೊಡೆಯುವಾಗ ಕೈಯಿಂದ ಹೇಗೆ ಫೋಕಸ್ ಮಾಡುತ್ತೀರಿ ಎಂದು. ಮಾಡುವುದಿಲ್ಲ. ಸುತ್ತುವ ಕಲಾವಿದನ ಹಿಂದೆ ರಿಂಗ್ ಓಡಿಸಿದರೆ ಸೋಲುವುದು ನಾವೇ. ಪದ್ಯ ಮುಗಿದು ಬಿಡ್ತಿಗೆ ಬರುವಾಗ ವೇಷ ರಂಗಸ್ಥಳದ ಮುಂದಿನ ಅಂಚಿಗೇ ಬಂದು ನಿಲ್ಲುತ್ತದೆ. ಆ ಅಂಚಿನಲ್ಲಿ ಬಿದ್ದಿರುವ ಹೂವಿನ ಮೇಲೋ ಹಲಗೆಯ ಸಂದಿನ ಮೇಲೋ ಮೊದಲೇ ಹಿಗ್ಗಿಸಿ ಫೋಕಸ್ ಮಾಡಿಟ್ಟು ಕೈ ತೆಗೆಯುತ್ತೇನೆ. ಚಂಡೆ ಎತ್ತುಗಡೆಗೆ ಬಂದಾಗ ಒತ್ತುವುದಷ್ಟೇ ಕೆಲಸ. ಆಟೊಫೋಕಸ್ ಇದ್ದ ಗೆಳೆಯನ ಕ್ಯಾಮೆರಾ ಕಿರೀಟದ ಮಿಂಚು ಮಣಿಗಳನ್ನು ಹಿಡಿಯಲು ಹೋಗಿ ಮುಖ ಬಿಡುತ್ತದೆ.

ಮದುವೆಮನೆ
ಗೆಳೆಯನ ಕ್ಯಾಮೆರಾ ಹಳೆಯದಿರಬೇಕು. ಈಗಿನವು ಬಣ್ಣ ಬಳಿದ ಮುಖದಲ್ಲಿಯೂ ಕಣ್ಣು ಹಿಡಿಯುತ್ತವೆ. ಆದರೆ ಮೊದಲೇ ಫೋಕಸ್ ಮಾಡಿಡುವ ಉಪಾಯ ಒಳ್ಳೆಯದು, ಅಕ್ಷತೆ ಹಾಕುವ ಹೊತ್ತಿಗೆ ನಾವೂ ಮಾಡುತ್ತೇವೆ.

ಅಡಿಕೆತೋಟ
ಮದುವೆಮನೆ ಅವರು ಒಂದು ಮಾತು ಒಪ್ಪಿದರು! ದಿನಾಂಕ ಬರೆದಿಟ್ಟುಕೊಳ್ಳಿ.

ಗಾಂಧಿಬಜಾರು
ಬೀದಿ ಛಾಯಾಗ್ರಹಣಕ್ಕೂ ಇದೇ ಹಾದಿ. 28 ಮಿ.ಮೀ., ಎಫ್/8, ದೂರ ಮೂರು ಮೀಟರ್‌ಗೆ ಇಟ್ಟು ಟೇಪ್ ಅಂಟಿಸಿಬಿಡಿ. ಹೂವಿನಂಗಡಿ ಸಾಲಿನಲ್ಲಿ ನಡೆಯುತ್ತಾ ಕಿಂಡಿ ನೋಡದೆ ತೆಗೆಯಬಹುದು. ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಎಂದು ತೋರಿಸಲು ಲೆನ್ಸಿನ ಮೇಲೆ ಬರೆದಿರುವ ಆಳದ ಗೀಟುಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಅವು ಫಿಲ್ಮಿನಿಂದ ಸಣ್ಣ ಪ್ರಿಂಟ್ ಮಾಡಿಸುತ್ತಿದ್ದ ಕಾಲಕ್ಕೆ ಹಾಕಿದವು. ಈಗ ಕಂಪ್ಯೂಟರ್ ಪರದೆಯಲ್ಲಿ ಮೂಗಿಗೆ ಮೂಗು ತಾಗಿಸಿ ನೋಡುತ್ತೇವೆ. ಎಫ್/8ರಲ್ಲಿ ತೆಗೆಯುವಾಗ ಎಫ್/4ರ ಗೀಟು ನೋಡಿದರೆ ಸುಮಾರು ಸರಿ. ಮೇಲಿನ ಲೆಕ್ಕಕ್ಕೆ ಎರಡು ಮೀಟರ್‌ನಿಂದ ಐದು ಮೀಟರ್‌ವರೆಗೆ ಚೊಕ್ಕಟ ಸಿಗುತ್ತದೆ.

ಮಿಲಿಮೀಟರ್
ಅದಕ್ಕೂ ಒಂದು ತಕರಾರು ಇದೆ. ಅಗ್ಗದ ಅಡಾಪ್ಟರುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ, ದೂರದ ಫೋಕಸ್ ಸಿಗಲಿಲ್ಲ ಎಂದು ಯಾರೂ ವಾಪಸ್ ಕಳಿಸದಿರಲಿ ಎಂದು. ಆಗ ಲೆನ್ಸಿನ ಮೇಲಿನ ದೂರದ ಅಂಕಿಗಳೆಲ್ಲ ಸುಳ್ಳು. ದೂರದ ಬೆಟ್ಟಕ್ಕೆ ಫೋಕಸ್ ಮಾಡಿ ನೋಡಿ, ರಿಂಗ್ ಅನಂತದ ಗುರುತಿಗೆ ಬರುವ ಮೊದಲೇ ಬೆಟ್ಟ ಸ್ಪಷ್ಟವಾದರೆ ನಿಮ್ಮದೂ ಗಿಡ್ಡ. ಅಡಾಪ್ಟರಿನ ಎರಡು ಭಾಗ ಬಿಚ್ಚಿ ನಡುವೆ ತೆಳು ಅಲ್ಯೂಮಿನಿಯಂ ಟೇಪ್ ಸುತ್ತಿ ಸರಿಮಾಡಬಹುದು. ವೈಡ್ ಲೆನ್ಸಿನಲ್ಲಿ ಈ ವ್ಯತ್ಯಾಸ ಬಹಳ ಕಾಡುತ್ತದೆ.

ಗಾಂಧಿಬಜಾರು
ಅದಕ್ಕೇ ನನ್ನ ಫೋಟೊಗಳಲ್ಲಿ ಹೂವಾಡಗಿತ್ತಿಯ ಹಿಂದಿನ ಬೋರ್ಡು ಸ್ಪಷ್ಟ, ಅವಳು ಮಸುಕು ಬರುತ್ತಿದ್ದದ್ದೇ? ಸಂಜೆ ಬಿಚ್ಚುತ್ತೇನೆ.

ತುಂಗಾತೀರ
ಇಷ್ಟು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಎರಡೂ ಲೆನ್ಸುಗಳಿಗೆ ಟಾರ್ಚ್ ಹಾಕಿದೆ. ಹೀಲಿಯೊಸ್ ಶುಭ್ರ. ಟಕುಮಾರ್‌ನ ಮುಂದಿನ ಗಾಜಿನ ಒಳಗೆ ಅಂಚಿನಲ್ಲಿ ಒಂದೆರಡು ಎಳೆ. ಚರ್ಮದ ಚೀಲ ಅಟ್ಟಕ್ಕೆ ಹೋಯಿತು. ಈಗ ಪ್ರಶ್ನೆ ಉಳಿದದ್ದು ಕ್ಯಾಮೆರಾ ಬಾಡಿ. ನಿಕಾನ್ ಇಟ್ಟುಕೊಂಡು ಬಳಸಿದ ಬಾಡಿಯೊಂದನ್ನು ಕೊಳ್ಳುವುದಾದರೆ ಯಾವುದು?

ಎಫ್‌ಮೌಂಟ್
ಅಗ್ಗಕ್ಕೆ ಮುಗಿಸುವುದಾದರೆ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್. ಇದನ್ನು ನನ್ನಂಥ ನಿಕಾನ್ ಭಕ್ತ ಹೇಳುತ್ತಿದ್ದೇನೆ ಎಂದರೆ ನೀವೇ ಅರ್ಥಮಾಡಿಕೊಳ್ಳಿ. ಅದರ ಮೌಂಟಿನಿಂದ ಸೆನ್ಸರ್‌ಗೆ 44 ಮಿ.ಮೀ., ಅಂದರೆ ಎಂ42 ಅಡಾಪ್ಟರಿಗೆ ಒಂದೂವರೆ ಮಿ.ಮೀ. ಜಾಗ ಉಳಿಯುತ್ತದೆ. ಗಾಜಿಲ್ಲದೆ ಬೆಟ್ಟವೂ ಫೋಕಸ್ ಆಗುತ್ತದೆ, ಮೀಟರೂ ಓಡುತ್ತದೆ.

ಮಿಲಿಮೀಟರ್
ಫುಲ್ ಫ್ರೇಮ್ (ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾನನ್ ಡಿಎಸ್‌ಎಲ್‌ಆರ್ ಆದರೆ ಜೋಪಾನ, ಕೆಲವು ಹಳೆಯ ಲೆನ್ಸುಗಳ ಹಿಂಭಾಗ ಒಳಗಿನ ಕನ್ನಡಿಗೆ ತಾಗುತ್ತದೆ. ನನ್ನ ಮತ ಮಿರರ್‌ಲೆಸ್‌ಗೆ. ಮೌಂಟಿನಿಂದ ಸೆನ್ಸರ್‌ಗೆ ಸೋನಿ ಇ 18 ಮಿ.ಮೀ., ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20. ಕನ್ನಡಿ ಇಲ್ಲ, ಜಾಗ ಧಾರಾಳ, ಎಂ42 ಮಾತ್ರವಲ್ಲ, ಬಹುತೇಕ ಎಲ್ಲ ಹಳೆಯ ಎಸ್‌ಎಲ್‌ಆರ್ ಲೆನ್ಸುಗಳೂ ಕೂರುತ್ತವೆ. 2013ರ ಮೊದಲ ಸೋನಿ ಎ7 ಫುಲ್ ಫ್ರೇಮ್, ಬಳಸಿದ್ದು ಸಿಕ್ಕರೆ ಹೀಲಿಯೊಸ್‌ನ ಸುಳಿಯೂ ಪೂರ್ತಿ ಸಿಗುತ್ತದೆ. ಅದರಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲ, ಅದು ಬೇಕಿದ್ದರೆ ಎ7 ಎರಡನೆಯ ಆವೃತ್ತಿ. ಫೋಕಸ್ ಆದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಪೀಕಿಂಗ್ ಇದೆ, ಎಫ್/1.4ರಲ್ಲಿ ಅದು ಧಾರಾಳವಾಗಿ ಸುಳ್ಳು ಹೇಳುತ್ತದೆ, ಹಿಗ್ಗಿಸಿ ನೋಡುವುದೇ ನಂಬಿಕೆಗೆ ಅರ್ಹ.

ಮದುವೆಮನೆ
ಬಿಟ್ಟಿ ಬಂದ ಎರಡು ಲೆನ್ಸಿಗೆ ಹೊಸ ಬಾಡಿ, ಅಡಾಪ್ಟರ್, ಅತಿನೇರಳೆ ದೀಪ, ಡಬ್ಬಿ, ಮಾಪಕ. ನಾನು ಹೇಳಿದ 50 ಎಫ್/1.8ರ ಬೆಲೆ ಯಾರಾದರೂ ಕೂಡಿಸಿ ನೋಡಿದಿರಾ?

ಅಘನಾಶಿನಿ
ಡಬ್ಬಿ, ಮಾಪಕ ನಿಮ್ಮ 50ಕ್ಕೂ ಬೇಕು ಸರ್.

ತುಂಗಾತೀರ
ಖರ್ಚಿನ ಮಾತು ಮದುವೆಮನೆ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಸದ್ಯಕ್ಕೆ ಹೀಗೆ ಮಾಡುತ್ತೇನೆ: ಒಳಗೆ ಮೆಟ್ಟಿಲಿರುವ ಅಡಾಪ್ಟರ್ ತರಿಸಿ ನಿಕಾನಿನಲ್ಲೇ ಹತ್ತಿರದ ಚಿತ್ರಗಳನ್ನು ತೆಗೆಯುತ್ತಿರುತ್ತೇನೆ, 1.7 ಮೀಟರ್ ಒಳಗೆ ನಮ್ಮ ಮನೆಯಲ್ಲಿ ಬೇಕಾದಷ್ಟು ವಿಷಯಗಳಿವೆ. ಶಿವಮೊಗ್ಗದ ಗೆಳೆಯನೊಬ್ಬ ಹಳೆಯ ಎ7 ಮಾರುವ ಯೋಚನೆಯಲ್ಲಿದ್ದಾನೆ, ಒಂದು ವಾರಕ್ಕೆ ಕೊಟ್ಟು ನೋಡು ಎಂದು ಕೇಳಿದ್ದೇನೆ. ಅದರಲ್ಲಿ ಈ ಲೆನ್ಸ್ ಹಾಕಿದಾಗ ಶಟರ್ ಒತ್ತಿದರೂ ಫೋಟೊ ಬೀಳುವುದಿಲ್ಲ ಎನ್ನುತ್ತಿದ್ದಾನೆ, ಅದೇನು?

ಬಡಗುತಿಟ್ಟು
ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಎಂಬ ಅರ್ಥದ ಆಯ್ಕೆ ಇದೆ, ಅದನ್ನು ಚಾಲೂ ಮಾಡಲು ಹೇಳಿ. ಹಳೆಯ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕ ಇಲ್ಲದ ಕಾರಣ ಲೆನ್ಸೇ ಇಲ್ಲ ಎಂದು ಕ್ಯಾಮೆರಾ ಭಾವಿಸುತ್ತದೆ. ಆಮೇಲೆ ಅಪರ್ಚರ್ ಪ್ರಯಾರಿಟಿಯಲ್ಲಿ ಇಟ್ಟರೆ ಶಟರ್ ವೇಗ ಅದೇ ನೋಡಿಕೊಳ್ಳುತ್ತದೆ. ನಡುಕ ತಡೆಯುವ ಬಾಡಿ ಆಗಿದ್ದರೆ 58 ಎಂದು ಕೈಯಿಂದ ತುಂಬಿಸಬೇಕು, ಪಟ್ಟಿಯಲ್ಲಿ 58 ಇಲ್ಲದಿದ್ದರೆ ಹತ್ತಿರದ ಸಂಖ್ಯೆ.

ಕತ್ತಲೆಕೋಣೆ
ತುಂಗಾತೀರ, ಒಂದು ಕೇಳಲು ಮರೆತೆ. ಆ ಜೆನಿಟ್ ಬಾಡಿ ಎಲ್ಲಿದೆ? ಅದರ ಶಟರ್ ಓಡುತ್ತದೆಯೇ? 30ರಿಂದ 500ರವರೆಗೆ ಐದು ವೇಗ ಇರಬೇಕು. ಪ್ರತಿಯೊಂದರಲ್ಲೂ ಒತ್ತಿ, ಹಿಂದಿನ ಮುಚ್ಚಳ ತೆರೆದು ಬೆಳಕಿಗೆ ಹಿಡಿದು ನೋಡಿ, ಪರದೆ ಪೂರ್ತಿ ತೆರೆದು ಮುಚ್ಚುತ್ತದೆಯೇ ಎಂದು. ಬಟ್ಟೆಯ ಪರದೆಯಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿದರೂ ಹೇಳಿ.

ತುಂಗಾತೀರ
ಓಡುತ್ತದೆ ಸರ್, ಪಕ್ಕದ ಮನೆಗೂ ಕೇಳುತ್ತದೆ. ಬೆಳಕಿಗೆ ಹಿಡಿದು ನಾಳೆ ನೋಡುತ್ತೇನೆ.

ನಿರ್ವಾಹಕ
ಫಿಲ್ಮ್ ಬಾಡಿಯ ಚರ್ಚೆಗೆ ದಯವಿಟ್ಟು ‘ಫಿಲ್ಮ್ ಮತ್ತು ಡಾರ್ಕ್‌ರೂಂ’ ವಿಭಾಗದಲ್ಲಿ ಹೊಸ ಎಳೆ ತೆರೆಯಿರಿ. ಅಕ್ಕಿ, ಸಿಲಿಕಾ ಜೆಲ್ ವಾದ ಇಲ್ಲಿಗೇ ನಿಲ್ಲಲಿ.

ಭಾನುವಾರದಸಂತೆ
ಅಕ್ಕಿಯಲ್ಲದಿದ್ದರೆ ಉಪ್ಪು?